ಮಿಲಿಟ್ರಿ ಮಾವನ ಕೆಂಪು ರೆಕ್ಕೆ

ಅವರ ಬಲಗೈ ಹೆಬ್ಬೆರಳಿನ ಉಗುರು ದಪ್ಪಗೆ, ಹಳದಿಯಾಗಿ, ತುದಿಯಲ್ಲಿ ಉಳಿಯ ಹಾಗೆ ಚೂಪಾಗಿ ಬೆಳೆದಿತ್ತು. ಉಳಿದ ಉಗುರುಗಳನ್ನೆಲ್ಲ ಭಾನುವಾರ ಭಾನುವಾರ ಒಪ್ಪವಾಗಿ ಕತ್ತರಿಸುತ್ತಿದ್ದ ಮನುಷ್ಯ ಅದೊಂದನ್ನು ಬೇಕೆಂದೇ ಬಿಟ್ಟಿದ್ದರು. ನಾನದನ್ನು ಮೊದಲು ನೋಡಿದ್ದು ಪುತ್ತೂರಿನ ಹತ್ತಿರ, ನರಿಮೊಗರಿನ ನಮ್ಮ ಪೈಂಟಿಂಗ್ ಶೆಡ್ಡಿನಲ್ಲಿ. ಗಿರಾಕಿಯೊಬ್ಬರ ಜೀಪಿನ ಬಾಗಿಲಿಗೆ ಬಣ್ಣ ಹೊಡೆದು ಒಣಗಲು ನಿಲ್ಲಿಸಿದ್ದೆ. ಇವರು ಬಂದರು, ಒಂದು ಮಾತೂ ಕೇಳದೆ ಆ ಉಗುರನ್ನು ಬಾಗಿಲಿಗೆ ಊರಿ ಮೇಲಿನಿಂದ ಕೆಳಗೆ ಎಳೆದರು. ಬಣ್ಣ ಸಿಪ್ಪೆಯ ಹಾಗೆ ಸುರುಳಿ ಸುತ್ತಿ ಎದ್ದು ಬಂತು.

"ಜೀಪಿಗೆ ಸಾಕು," ಎಂದರು. "ಜೀಪು ಬಿದ್ರೆ ಚರಂಡಿಗೆ ಬೀಳ್ತದೆ, ಅಷ್ಟೆ."

ಬಾಗಿಲನ್ನು ಮತ್ತೊಮ್ಮೆ ಹೊಡೆಯಬೇಕಾದವಳು ನಾನು. ಅವರಿಗೆ ಬೆಲ್ಲ ನೀರು ಕೊಡಬೇಕಾದವಳೂ ನಾನೇ. ಏಕೆಂದರೆ ಅವರು ನನ್ನ ಗಂಡನ ಸೋದರಮಾವ. ಏರ್‌ಫೋರ್ಸಿನಲ್ಲಿ ವಿಮಾನಗಳ ಮೈ ರಿಪೇರಿ ಮಾಡುವ ಕೆಲಸದಲ್ಲಿದ್ದು ನಿವೃತ್ತರಾಗಿ ಊರಿಗೆ ಬಂದವರು. ಸುಳ್ಯದ ಕಡೆ ಭೂಸೇನೆ, ವಾಯುಸೇನೆ ಎಂಬ ಭೇದ ಯಾರೂ ಮಾಡುವುದಿಲ್ಲ. ಕಬ್ಬಿಣದ ಟ್ರಂಕು ಹೊತ್ತು ಉತ್ತರಕ್ಕೆ ಹೋಗಿ ಬಂದವರೆಲ್ಲ ಮಿಲಿಟ್ರಿಯವರೇ. ಹಾಗಾಗಿ ಇಡೀ ಕುಟುಂಬಕ್ಕೆ ಇವರು ಮಿಲಿಟ್ರಿ ಮಾವ. ಅವರ ಮನೆಯಲ್ಲಿ ಅರೆಭಾಷೆ, ನನ್ನ ತವರಿನಲ್ಲಿ ತುಳು. ಪ್ರೀತಿಯನ್ನು ಅವರವರ ಭಾಷೆಯಲ್ಲಿ ಇಟ್ಟುಕೊಂಡು, ಬೈಯುವುದನ್ನು ಮಾತ್ರ ಇಬ್ಬರಿಗೂ ಸರಿಯಾಗಿ ಅರ್ಥವಾಗಲೆಂದು ಕನ್ನಡದಲ್ಲಿ ಬೈಯುತ್ತಿದ್ದೆವು. ನಮ್ಮಿಬ್ಬರ ನಡುವೆ ನಡೆದದ್ದು ಬಹುತೇಕ ಕನ್ನಡವೇ.

ಬಸ್ಸು, ಲಾರಿಗಳಿಗೆ ಬಣ್ಣ ಹೊಡೆಯುವುದು ನನ್ನ ಅಪ್ಪನ ಕಸುಬು. ಕೆಮ್ಮು ಹೆಚ್ಚಾಗಿ ಅಪ್ಪ ಮೂಲೆ ಹಿಡಿದಾಗ ಸ್ಪ್ರೇ ಗನ್ನನ್ನು ನಾನು ಕೈಗೆತ್ತಿಕೊಂಡೆ. ಸೊಸೆ ತಿನ್ನರ್ ವಾಸನೆ ಹೊತ್ತು ಮನೆಗೆ ಬರುತ್ತಾಳೆಂದು ಗಂಡನ ಕಡೆಯವರಲ್ಲಿ ಗುಸುಗುಸು ಇದ್ದೇ ಇತ್ತು. ಅದನ್ನು ಲೆಕ್ಕಕ್ಕೇ ಇಡದವರೆಂದರೆ ಈ ಮಾವ ಒಬ್ಬರು. "ಹೊಡೆದದ್ದು ಹೆಂಗಸಾ ಗಂಡಸಾ ಅಂತ ಪೈಂಟಿಗೆ ಗೊತ್ತಾಗುದಿಲ್ಲ," ಎಂದು ಹೇಳಿ, ಮುಂದಿನ ಭಾನುವಾರ ತಮ್ಮ ಮನೆಗೆ ಬರಬೇಕೆಂದು ಅಪ್ಪಣೆ ಕೊಟ್ಟು ಹೋದರು.

ಅವರ ಮನೆ ಸುಳ್ಯದಿಂದ ಸಂಪಾಜೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಹಿಂದೆ ರಬ್ಬರ್ ಶೀಟು ಒಣಗಿಸುತ್ತಿದ್ದ ಉದ್ದನೆಯ ಶೆಡ್ಡಿನಲ್ಲಿ ಅವರ ವಿಮಾನ ತುಂಡು ತುಂಡಾಗಿ ಮಲಗಿತ್ತು. ಇಬ್ಬರು ಕೂರುವಷ್ಟು ದೊಡ್ಡದು, ಪೂರ್ತಿ ಅಲ್ಯುಮಿನಿಯಂ ತಗಡಿನದು. ನಕ್ಷೆ ತರಿಸಿ, ಒಂದೊಂದು ತಗಡನ್ನೂ ತಾವೇ ಕತ್ತರಿಸಿ, ಮಡಚಿ, ರಿವೆಟ್ ಹೊಡೆದು ಕಟ್ಟಿದ್ದರು. ಇಂಜಿನ್ ಬಂದಿತ್ತು. ಉಳಿದದ್ದು ರೆಕ್ಕೆಗಳಿಗೆ ತಗಡು ಮುಚ್ಚಿ, ಎಲ್ಲದಕ್ಕೂ ಬಣ್ಣ ಹೊಡೆಯುವ ಕೆಲಸ.

ಮಾವನಿಗೆ ಬೇಕಾಗಿದ್ದದ್ದು ಇಷ್ಟೆ. ತಾನು ಕಟ್ಟಿದ ವಿಮಾನದಲ್ಲಿ ತಾನೇ ಕುಳಿತು ಒಂದು ಸುತ್ತು ಹಾರಿ ಇಳಿಯಬೇಕು. ಸರ್ವಿಸಿನಲ್ಲಿದ್ದಷ್ಟು ಕಾಲ ಅವರು ಸರಿಮಾಡಿ ಕೊಟ್ಟ ವಿಮಾನಗಳಲ್ಲಿ ಬೇರೆಯವರು ಹಾರಿದರು, ಇವರು ಕೆಳಗೆ ನಿಂತು ಕತ್ತೆತ್ತಿ ನೋಡಿದರು. ನಿವೃತ್ತಿಯಾದ ಮೇಲೆ ಘಟ್ಟದ ಮೇಲಿನ ಫ್ಲೈಯಿಂಗ್ ಕ್ಲಬ್ಬೊಂದಕ್ಕೆ ಹೋಗಿ ಹಾರಿಸುವುದನ್ನು ಕಲಿತು ಪರವಾನಿಗೆ ಪಡೆದಿದ್ದರು. ಅಷ್ಟರಲ್ಲಿ ಕಣ್ಣಿನ ನರ ಬತ್ತತೊಡಗಿತು. ಈಗಿರುವ ಮೆಡಿಕಲ್ ಸರ್ಟಿಫಿಕೇಟ್ ಮುಗಿದರೆ ಇನ್ನೊಂದು ಕೊಡಲಾಗದು ಎಂದು ಮಂಗಳೂರಿನ ಡಾಕ್ಟರು ಮುಖಕ್ಕೇ ಹೇಳಿದ್ದರು. ಇನ್ನೆರಡು ಬೇಸಿಗೆ ಮುಗಿಯುವುದರೊಳಗೆ ವಿಮಾನ ಏಳಬೇಕಿತ್ತು, ಇಲ್ಲದಿದ್ದರೆ ಮಾವ ಏಳುವ ಹಾಗಿರಲಿಲ್ಲ. ಆ ಉಗುರನ್ನು ಬೆಳೆಸಿದ್ದೂ ಕಣ್ಣಿಗಾಗಿಯೇ. ಕಣ್ಣು ಬಿಟ್ಟುಬಿಡುವುದನ್ನು ಉಗುರು ಹಿಡಿಯುತ್ತಿತ್ತು.

ಊರು ಅವರನ್ನು ಸುಮ್ಮನೆ ಬಿಡಲಿಲ್ಲ. ಸುಳ್ಯದಲ್ಲಿ ಒಂದು ಮದುವೆಯೂಟ. ಮಾವನ ದಾಯಾದಿ ತಮ್ಮನೊಬ್ಬ ಪಂಕ್ತಿಗೆಲ್ಲ ಕೇಳುವಂತೆ, "ಅಣ್ಣ, ಸುಬ್ರಹ್ಮಣ್ಯಕ್ಕೆ ಎರಡು ಸೀಟು ಉಂಟಾ? ಕಡಬದಲ್ಲಿ ಸ್ಟಾಪ್ ಕೊಡ್ತೀರಾ?" ಎಂದ. ಜನ ನಕ್ಕರು. ನಗು ಸಿಕ್ಕಿತೆಂದು ಅವನಿಗೆ ಇನ್ನಷ್ಟು ಹುರುಪು. "ಮಡಿಕೇರಿಗೆ ಹೋಗುದಾದ್ರೆ ಸಂಪಾಜೆ ಗೇಟಿನಲ್ಲಿ ಚೆಕ್ಕಿಂಗ್ ಉಂಟಾ ಅಣ್ಣ?"

ಮಾವ ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ. "ನಿನ್ನ ಹೆಂಡತಿ ಹಾರಿ ಹೋಗುವಾಗ ಯಾವ ಗೇಟಿನಲ್ಲಿ ಚೆಕ್ಕಿಂಗ್ ಮಾಡಿದ್ರು?" ಎಂದರು.

ಆ ಮನುಷ್ಯನ ಹೆಂಡತಿ ಅವನನ್ನು ಬಿಟ್ಟು ಹೋಗಿ ವರ್ಷವೂ ಆಗಿರಲಿಲ್ಲ. ಮಾವ ಬಡಿಸುವವರನ್ನು ಕರೆದು ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡರು.

ನನ್ನ ಪಾಲಿಗೂ ಅವರು ಮೃದುವೇನಲ್ಲ. ಮೊದಮೊದಲು ನಾನು ಹೊಡೆದ ಬಣ್ಣದಲ್ಲಿ ಉಳಿದದ್ದಕ್ಕಿಂತ ಕೆರೆದದ್ದೇ ಹೆಚ್ಚು. ಬಾಲದ ಒಂದು ತುಂಡು ಕೊಡುತ್ತಿದ್ದರು. ಉಜ್ಜಿ, ತೊಳೆದು, ಪ್ರೈಮರ್ ಹಾಕಿ, ಕೇಪಳ ಹೂವಿನ ಕೆಂಪು ಬಣ್ಣವನ್ನು ಉಸಿರು ಬಿಗಿಹಿಡಿದು ಹೊಡೆಯುತ್ತಿದ್ದೆ. ಒಣಗಿದ ಮೇಲೆ ಅವರು ಬಂದು ಉಗುರು ಎಳೆಯುವರು. ಒಂದು ಕೂದಲೆಳೆಯಷ್ಟು ಬಣ್ಣ ಎದ್ದರೂ ಕೆರೆಯುವ ಅಲಗನ್ನು ನನ್ನ ಕೈಗೆ ಕೊಟ್ಟು "ತೆಗಿ" ಎನ್ನುವರು.

"ಇಷ್ಟು ಜಾಗ ಮಾತ್ರ ಸರಿ ಮಾಡ್ತೇನೆ ಮಾವ," ಎಂದು ಒಮ್ಮೆ ಹೇಳಿದೆ.

"ತೇಪೆ ಹಾಕ್ಲಿಕ್ಕೆ ಇದು ಎಂತ ಅಂಗಿಯಾ? ಇಡೀ ತೆಗಿ. ಮುಚ್ಚುದೇ ಆದ್ರೆ ಗೋಣಿ ಸಾಕು, ಪೈಂಟ್ ಯಾಕೆ?"

ಇನ್ನೊಮ್ಮೆ, ಒಂದೇ ತುಂಡನ್ನು ಮತ್ತೆ ಮತ್ತೆ ಕೆರೆಸಿದಾಗ, ನನಗೆ ಅಳು ತಡೆಯಲಾಗಲಿಲ್ಲ. ಅವರು ಸಮಾಧಾನ ಹೇಳಲಿಲ್ಲ. "ಕಣ್ಣೀರು ಬಿದ್ರೆ ಕಲೆ ಆಗ್ತದೆ ಮಾರಾಯ್ತಿ, ಆ ಕಡೆ ಹೋಗಿ ಅಳು," ಎಂದರು. ನಾನು ಹೊರಗೆ ಹೋಗಿ ಅತ್ತು ಬಂದೆ. ಬರುವಷ್ಟರಲ್ಲಿ ಅಲಗನ್ನು ಮಸೆದು ಇಟ್ಟಿದ್ದರು. ಮುಖಕ್ಕೆ ಮಾಸ್ಕ್ ಹಾಕದೆ ಗನ್ ಮುಟ್ಟಿದರೆ ಮಾತ್ರ ಅದನ್ನೇ ಕಸಿದುಕೊಳ್ಳುವರು. "ನಿನ್ನ ಅಪ್ಪನ ಕೆಮ್ಮು ನೋಡಿದ್ದಿಯಲ್ಲ?" ಎಂದು ಕೇಳುವರು. ಅದನ್ನೂ ಬೈಗುಳದ ಧಾಟಿಯಲ್ಲೇ.

ಅವರು ನಕ್ಕದ್ದು ನನಗೆ ನೆನಪಿರುವುದು ಒಂದೇ ಸಲ. ಮೊದಲ ಮಳೆ ಬಿದ್ದ ಸಂಜೆ, ಬಾಲದ ದೊಡ್ಡ ಹಲಗೆಗೆ ಆಗಷ್ಟೇ ಕೊನೆಯ ಕೈ ಹೊಡೆದಿದ್ದೆ. ಎಲ್ಲಿದ್ದವೋ ಮಳೆಹುಳಗಳು, ಹಿಂಡು ಹಿಂಡಾಗಿ ದೀಪಕ್ಕೆ ಬಂದು, ಹಸಿ ಬಣ್ಣದ ಮೇಲೆ ಬಿದ್ದು, ರೆಕ್ಕೆ ಉದುರಿಸಿಕೊಂಡು ಒದ್ದಾಡಿದವು. "ನೋಡು, ಇವಕ್ಕೆ ಪರವಾನಿಗೆಯೂ ಬೇಡ, ಡಾಕ್ಟ್ರ ಕಾಗದವೂ ಬೇಡ," ಎಂದು ಗಟ್ಟಿಯಾಗಿ ನಕ್ಕರು. ನಗು ಮುಗಿದ ಕೂಡಲೇ ಅಲಗು ನನ್ನ ಕೈಗೆ ಬಂತು.

ಈ ಎಲ್ಲದರ ಹಿಂದೆ ಅತ್ತೆ ಇದ್ದರು, ಮಾವನ ಹೆಂಡತಿ. ಸಣ್ಣ ದೇಹ, ಚುರುಕು ಕಾಲು, ಮಾತು ಕಡಿಮೆ. ಧೂಳು ತರುತ್ತಿ ಎಂದು ಮಾವ ಅವರನ್ನು ಶೆಡ್ಡಿನೊಳಗೆ ಬಿಡುತ್ತಿರಲಿಲ್ಲ. ಅತ್ತೆ ಚಹಾವನ್ನು ಹೊಸ್ತಿಲ ಮೇಲಿಟ್ಟು ಕೆಮ್ಮಿ ಹೋಗುವರು. ಬಾಲದ ಕೆಲಸವೆಲ್ಲ ಮುಗಿದು ನಾವು ರೆಕ್ಕೆಗಳಿಗೆ ಕೈಹಾಕಿದ್ದು ಆಮೇಲಿನ ಬೇಸಿಗೆಯಲ್ಲಿ. ಆಗ ಬಾವಿ ತಳ ಕಂಡಿತು. ಬಣ್ಣ ಹೊಡೆಯುವ ಮೊದಲು ಅಲ್ಯುಮಿನಿಯಂ ತಗಡನ್ನು ಆಸಿಡ್ಡಿನಲ್ಲಿ ಉಜ್ಜಿ, ಧಾರಾಳ ನೀರಿನಲ್ಲಿ ತೊಳೆಯಬೇಕು. ನೀರಿಲ್ಲದೆ ಮಾವ ಶೆಡ್ಡಿನಲ್ಲಿ ಅತ್ತಿತ್ತ ನಡೆದಾಡುವುದನ್ನು ನೋಡಿ, ಅತ್ತೆ ಯಾರಿಗೂ ಹೇಳದೆ ಗುಡ್ಡೆಯ ಒರತೆಯಿಂದ ಕೊಡ ಕೊಡ ನೀರು ಹೊತ್ತು ತಂದು ಶೆಡ್ಡಿನ ಹಿಂದೆ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಮಾವ ಆ ನೀರು ಬಳಸಿದರು. ರೆಕ್ಕೆಯ ತಗಡುಗಳನ್ನೂ, ರೆಕ್ಕೆಯ ಉದ್ದಕ್ಕೂ ಒಳಗೆ ಹೋಗುವ, ಇಡೀ ಭಾರ ಹೊರುವ ತೊಲೆಯನ್ನೂ ಆ ನೀರಿನಲ್ಲೇ ತೊಳೆದು, ಪ್ರೈಮರ್ ಹಾಕಿ, ರಿವೆಟ್ ಹೊಡೆದು ಮುಚ್ಚಿದೆವು. ಮೇಲೆ ನಾನು ಕೆಂಪು ಹೊಡೆದೆ.

ಒಣಗಿದ ದಿನ ಮಾವ ರೆಕ್ಕೆಯ ಈ ತುದಿಯಿಂದ ಆ ತುದಿಯವರೆಗೆ ಉಗುರು ಎಳೆದರು. ಏನೂ ಏಳಲಿಲ್ಲ. ಇನ್ನೊಮ್ಮೆ ಎಳೆದರು. ಆಮೇಲೆ ಹೊರಗೆ ನೋಡಿ, "ಹೇ, ಚಹಾ ಒಳಗೇ ತಾ," ಎಂದರು. ಅತ್ತೆ ಕಾಲು ಒರೆಸಿಕೊಂಡು ಒಳಗೆ ಬಂದು, ತೂಗುಹಾಕಿದ್ದ ಕೆಂಪು ರೆಕ್ಕೆಗಳನ್ನು ಬಾಯಿ ತೆರೆದು ನೋಡಿದರು. ನನಗೆ ಸಿಕ್ಕಿದ ಹೊಗಳಿಕೆ ಅದೇ, ಅತ್ತೆಗೆ ಸಿಕ್ಕಿದ್ದೂ ಅದೇ.

ಮಳೆ ಜಡಿಯುವ ಆಟಿ ತಿಂಗಳಲ್ಲಿ ಮಾವನ ಫೋನ್ ಬಂತು. "ಬಾ," ಎಂದರು, ಇಟ್ಟರು.

ಹೋಗಿ ನೋಡಿದರೆ ರೆಕ್ಕೆಗಳ ಕೆಂಪಿನ ಮೇಲೆ ಬೆವರುಸಾಲೆಯ ಹಾಗೆ ಸಣ್ಣ ಗುಳ್ಳೆಗಳು ಎದ್ದಿದ್ದವು. ಮಾವ ಮೊದಲು ಹಿಡಿದದ್ದು ನನ್ನನ್ನು. ತಲೆಗೆ ಎಣ್ಣೆ ಹಾಕಿ ಅದೇ ಕೈಯಲ್ಲಿ ತಗಡು ಮುಟ್ಟಿದ್ದಿ, ಅವಸರ ಮಾಡಿದ್ದಿ, ಜೀಪಿನ ಬುದ್ಧಿ ತೋರಿಸಿದ್ದಿ ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದರು. ನಾನೂ ಹೌದೇನೋ ಎಂದುಕೊಂಡೆ. ಕೊನೆಗೆ ಒಂದು ಗುಳ್ಳೆಯನ್ನು ಉಗುರಿನಿಂದ ಒಡೆದರು. ಒಳಗೆ ಬಿಳಿ ಹುಡಿ. ಹುಡಿ ಉದುರಿಸಿದರೆ ತಗಡಿನಲ್ಲಿ ಸೂಜಿಮೊನೆಯಷ್ಟು ಗುಳಿ.

ಬಣ್ಣದ್ದಲ್ಲ, ತಗಡಿನದ್ದೇ ರೋಗ. ಮಾವ ಬಾಲದ ತುಂಡುಗಳನ್ನು ನೋಡಿದರು. ಅವು ಬಾವಿಯಲ್ಲಿ ನೀರಿದ್ದಾಗ ತೊಳೆದವು. ಒಂದು ಗುಳ್ಳೆಯೂ ಇರಲಿಲ್ಲ. ಬೇಸಿಗೆಯಲ್ಲಿ ತೊಳೆದ ರೆಕ್ಕೆಗಳಿಗೆ ಮಾತ್ರ ಹೀಗೆ. "ನೀರು," ಎಂದರು. ಶೆಡ್ಡಿನ ಹಿಂದೆ ಹೋದರು. ಒಂದು ಡ್ರಮ್ಮಿನ ತಳದಲ್ಲಿ ಬೇಸಿಗೆಯ ನೀರು ಮುಚ್ಚಿಟ್ಟ ಹಾಗೇ ಉಳಿದಿತ್ತು. ಗೋಡೆಯಿಂದ ಕತ್ತಿ ತೆಗೆದು, ಅಲಗನ್ನು ಬೆಳ್ಳಗೆ ಉಜ್ಜಿ, ಆ ನೀರಿನಲ್ಲಿ ಅದ್ದಿ ಹಿಡಿದರು.

ನಮ್ಮ ಕಡೆಯ ರೈತರಿಗೆಲ್ಲ ಈ ಪರೀಕ್ಷೆ ಗೊತ್ತು. ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಬಿಡುವ ಮದ್ದಿಗೆ ಮೈಲುತುತ್ತು ಎಂಬ ತಾಮ್ರದ ನೀಲಿ ಉಪ್ಪು, ಸುಣ್ಣ ಕರಗಿಸಿ ಬೆರೆಸುತ್ತಾರೆ. ಸುಣ್ಣ ಸಾಲದಿದ್ದರೆ ಅದ್ದಿದ ಕತ್ತಿ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಮೈಲುತುತ್ತನ್ನು ಲೋಹದ ಪಾತ್ರೆಗೆ ಹಾಕಬಾರದು, ತಿಂದು ತೂತು ಮಾಡುತ್ತದೆ ಎಂಬುದೂ ಇಲ್ಲಿ ಮಕ್ಕಳಿಗೂ ಗೊತ್ತು. ಅದನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸುವುದೇ ಆ ಕಾರಣಕ್ಕೆ. ಆ ಡ್ರಮ್ಮುಗಳು ಇವೇ. ಅಲ್ಯುಮಿನಿಯಂ ಪಾತ್ರೆಯನ್ನು ಅದರ ಹತ್ತಿರ ಸುಳಿಯಗೊಡದ ನಾವು ಮೂವರೂ ಅಲ್ಯುಮಿನಿಯಂ ರೆಕ್ಕೆಯನ್ನು ಅದರ ನೀರಿನಲ್ಲಿ ಮೀಯಿಸಿದ್ದೆವು. ರೆಕ್ಕೆ ಅಡುಗೆಮನೆಯ ಸಾಮಾನಲ್ಲವಲ್ಲ, ಯಾರಿಗೂ ಹೊಳೆಯಲಿಲ್ಲ. ನೀಲಿ ಡ್ರಮ್ಮಿನೊಳಗೆ ಅಂಟಿಕೊಂಡ ನೀಲಿ ಕಣ್ಣಿಗೂ ಬೀಳಲಿಲ್ಲ.

ಕತ್ತಿ ಕೆಂಪಾಗಿ ಹೊರಬಂತು. ಅತ್ತೆ ಕೊಡೆ ಹಿಡಿದು ಮಳೆಯಲ್ಲಿ ನಿಂತಿದ್ದರು.

"ಡ್ರಮ್ ತೊಳೆದಿದ್ಯಾ?" ಎಂದು ಮಾವ ಕೇಳಿದರು.

"ಒಮ್ಮೆ ಕಲಕಿ ಚೆಲ್ಲಿದ್ದೆ."

"ಒಮ್ಮೆ," ಎಂದರು ಮಾವ. ಆ ದಿನ ಮತ್ತೆ ಮಾತಾಡಲಿಲ್ಲ. ಹಾಗೇ ಮಾತಾಡದೆ ಇದ್ದುಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ನನಗನ್ನಿಸಿದ್ದು ಆಮೇಲೆ. ಏಕೆಂದರೆ ಮರುವಾರದಿಂದ ಮನೆಗೆ ಯಾರು ಬಂದರೂ ಮಾವ ಅತ್ತೆಯನ್ನು ತೋರಿಸಿ ಹೇಳತೊಡಗಿದರು: "ನಾನು ಅಷ್ಟು ವರ್ಷ ಏರ್‌ಫೋರ್ಸಿನಲ್ಲಿದ್ದೆ, ಒಂದು ವಿಮಾನ ಬೀಳ್ಲಿಲ್ಲ. ಇವಳು ಮನೆಯಲ್ಲೇ ಕೂತು ಒಂದನ್ನು ಬೀಳಿಸಿದ್ಲು." ಬಂದವರು ನಗುವರು. ಅತ್ತೆಯೂ ಸಣ್ಣಗೆ ನಕ್ಕು ಕಾಫಿ ಲೋಟ ಮುಂದಿಡುವರು. ಆ ನಗು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಸುಡು ಬಿಸಿಲಿಗೆ ಗುಡ್ಡೆ ಹತ್ತಿ ಇಳಿದು ನೀರು ಹೊತ್ತ ಹೆಂಗಸು ಅವರು.

ಒಂದು ದಿನ ಸಹಿಸಲಾಗದೆ ಕೇಳಿಯೇಬಿಟ್ಟೆ. "ಮಾವ, ನೀರು ತಂದವರು ಅತ್ತೆ. ರೆಕ್ಕೆ ತೊಳೆಯುವ ಮೊದಲು ಕತ್ತಿ ಅದ್ದಿ ನೋಡದವರು ಯಾರು?"

"ನಾನು," ಎಂದರು ಅವರು, ತಟಕ್ಕನೆ, ಎಷ್ಟೋ ದಿನದಿಂದ ಬಾಯಲ್ಲೇ ಇಟ್ಟುಕೊಂಡಿದ್ದವರ ಹಾಗೆ. ಇನ್ನಾದರೂ ನಿಲ್ಲಿಸುತ್ತಾರೆ ಎಂದುಕೊಂಡೆ. ಮುಂದಿನ ಭಾನುವಾರ ಯಾರೋ ಬಂದರು, ಮತ್ತೆ ಅದೇ ಮಾತು ಹೇಳಿದರು.

ರಿವೆಟ್ ಕೊರೆದು ರೆಕ್ಕೆ ಬಿಚ್ಚಿ ನೋಡಿದಾಗ ಒಳಗಿನ ತೊಲೆಯಲ್ಲೂ ಗುಳಿಗಳಿದ್ದವು. ತಗಡು ಬದಲಾಯಿಸಬಹುದು. ತೊಲೆ ಹೋದರೆ ರೆಕ್ಕೆಯನ್ನೇ ಹೊಸದಾಗಿ ಕಟ್ಟಬೇಕು. ಕಟ್ಟುವಷ್ಟರಲ್ಲಿ ಸರ್ಟಿಫಿಕೇಟ್ ಮುಗಿಯುತ್ತದೆ, ಕಣ್ಣೂ ಮುಗಿಯುತ್ತದೆ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ನರಿಮೊಗರಿನ ಶೆಡ್ಡಿನ ಮುಂದೆ ಪಿಕಪ್ ನಿಂತಿತು. ಮತ್ತೆ ರಿವೆಟ್ ಹೊಡೆದು ಮುಚ್ಚಿದ ರೆಕ್ಕೆಗಳು ಹಿಂದೆ, ಮಾವ ಮುಂದೆ ಡ್ರೈವರನ ಪಕ್ಕ.

"ಪುಟ್ಟಿ ತುಂಬಿಸಿ ಕೆಂಪು ಹೊಡೆ," ಎಂದರು. "ಹಾರುವ ಮೊದಲು ನೋಡ್ಲಿಕ್ಕೆ ಬರುವ ಆಫೀಸರಿಗೆ ಗೊತ್ತಾಗಬಾರದು."

ಬೇರೆ ಯಾರೋ ಹೇಳಿದ ಹಾಗಿತ್ತು. "ಒಳಗಿನ ತೊಲೆ?" ಎಂದು ಕೇಳಿದೆ.

"ಅದು ಒಳಗೆ ಉಂಟು. ಯಾರಿಗೆ ಕಾಣ್ತದೆ?"

"ನಿಮಗೆ ಗೊತ್ತುಂಟಲ್ಲ ಮಾವ."

"ಒಂದೇ ಸುತ್ತು ಮಗಳೇ," ಎಂದರು. "ಅಷ್ಟು ಹೊತ್ತು ಹಿಡಿದು ನಿಂತ್ರೆ ಸಾಕು. ಒಳಗೆ ಇರುದು ನಾನೊಬ್ಬನೇ ಅಲ್ವಾ? ಹೋದ್ರೆ ನಾನೇ ಹೋಗುದು."

ಅಲ್ಲಿಯವರೆಗೆ ಅವರು ನನ್ನನ್ನು ಮಗಳೇ ಎಂದು ಕರೆದದ್ದಿಲ್ಲ. ಅವರ ಕಣ್ಣು ನನ್ನನ್ನು ಹುಡುಕುತ್ತಾ ಸ್ವಲ್ಪ ಪಕ್ಕಕ್ಕೆ ನೆಟ್ಟಿತ್ತು. ಹೊಡೆದು ಕೊಡೋಣ ಅನ್ನಿಸಿತು ನನಗೆ. ನಿಜವಾಗಿ ಅನ್ನಿಸಿತು. ನನ್ನ ಕೈ ಈಗ ಎಷ್ಟು ಪಳಗಿತ್ತೆಂದರೆ ಆ ರೋಗವನ್ನು ಅವರ ಉಗುರಿಗೂ ಸಿಗದ ಹಾಗೆ ಮುಚ್ಚಬಲ್ಲವಳಾಗಿದ್ದೆ. ಅದು ನೆನಪಾದ ಕೂಡಲೇ ಹೆದರಿಕೆಯಾಯಿತು.

ಅಲಗು ತೆಗೆದುಕೊಂಡು ಪಿಕಪ್ ಹತ್ತಿದೆ. ರೆಕ್ಕೆಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತಿದ್ದ ಜಾಗ ನೋಡಿ, ಅಲಗು ಊರಿ, ನಾನೇ ಹೊಡೆದ ಕೆಂಪನ್ನು ಉದ್ದಕ್ಕೂ ಕೆರೆದು ತೆಗೆದೆ. ಅಡಿಯಿಂದ ಬಿಳಿ ಹುಡಿ ಎದ್ದು ಅವರ ಅಂಗಿಯ ಮೇಲೆ ಬಿತ್ತು.

"ಮುಚ್ಚುದೇ ಆದ್ರೆ ಗೋಣಿ ಸಾಕು ಮಾವ," ಎಂದೆ.

ಇಷ್ಟು ಕ್ರೂರವಾಗಿ ನಾನು ಯಾರಿಗೂ ಏನೂ ಹೇಳಿಲ್ಲ, ಮೊದಲೂ ಇಲ್ಲ, ಆಮೇಲೂ ಇಲ್ಲ. ಮಾವ ಅಂಗಿಯ ಹುಡಿಯನ್ನು ಕೊಡವಿಕೊಂಡರು. "ಒಳ್ಳೆ ಕಲ್ತಿದ್ದಿ," ಎಂದರು. ರೆಕ್ಕೆಯನ್ನು ಹಗ್ಗದಿಂದ ಬಿಗಿಯಲು ನಾನು ಕೈ ಕೊಡಲು ಹೋದರೆ ಬೇಡವೆಂದು ತಲೆಯಾಡಿಸಿ, ತಡಕಾಡಿಕೊಂಡು ತಾವೇ ಗಂಟು ಹಾಕಿದರು. ನೀರು ಕುಡಿಯದೆ ಹೋದರು.

ಪುತ್ತೂರಿನಲ್ಲಿ ಪೈಂಟರುಗಳಿಗೆ ಬರವಿಲ್ಲ. ಇನ್ನೊಬ್ಬರ ಹತ್ತಿರ ಹೋದರೇನು ಗತಿ ಎಂದು ಹೆದರಿ ಮರುದಿನ ಅತ್ತೆಗೆ ಫೋನ್ ಮಾಡಿದೆ. ಅತ್ತೆ ಹೇಳಿದ್ದು ಇಷ್ಟು: ಮಾವ ಮನೆಗೆ ಬಂದವರೇ ರೆಕ್ಕೆ ಬಿಚ್ಚಿ, ತೊಲೆ ಹೊರಗೆಳೆದು, ಗರಗಸ ತಂದರು. ತೊಲೆಯ ಒಂದು ತುದಿಯನ್ನು ಅತ್ತೆಯ ಕೈಗೆ ಕೊಟ್ಟು "ಗಟ್ಟಿ ಹಿಡ್ಕೊ" ಎಂದರು. ನಡುವಿಗೆ ಸರಿಯಾಗಿ ಕೊಯ್ದು ಎರಡು ತುಂಡು ಮಾಡಿದರು.

"ಯಾಕೆ ಅಂತ ಕೇಳಿದೆ," ಎಂದರು ಅತ್ತೆ. "ನಾಳೆ ನನ್ನ ಬುದ್ಧಿ ತಿರುಗಿದ್ರೆ, ಅಂತ ಹೇಳಿದ್ರು. ಮತ್ತೆ ಬೆಳಿಗ್ಗೆಯವರೆಗೆ ಜಗಲಿಯಲ್ಲೇ ಕೂತಿದ್ರು."

ಆ ಮೇಲೆ ಮಾವ ನನ್ನೊಡನೆ ಮಾತಾಡಲಿಲ್ಲ. ಹಬ್ಬಕ್ಕೆ ಹೋದರೆ ಎದ್ದು ಒಳಗೆ ಹೋಗುವರು. ಬೇಸಿಗೆಯಲ್ಲಿ ಸರ್ಟಿಫಿಕೇಟ್ ಮುಗಿಯಿತು. ಮರು ಮಳೆಗಾಲಕ್ಕೆ ಕಣ್ಣು ಪೂರ್ತಿ ಹೋಯಿತು, ಅದರ ಹಿಂದೆಯೇ ಎದೆಗೆ ಕಫ ಕಟ್ಟಿ ಆಸ್ಪತ್ರೆ ಸೇರಿದರು. ನೋಡಲು ಹೋದೆ. ಬಂದದ್ದು ಯಾರೆಂದು ಅತ್ತೆಯನ್ನು ಕೇಳಿ, "ಕೂತುಕೊಳ್ಳಲಿ," ಎಂದು ಗೋಡೆಯ ಕಡೆ ತಿರುಗಿದರು. ನಾನು ಸಂಜೆಯವರೆಗೆ ಕೂತಿದ್ದೆ. ಅವರು ಮಲಗಿರಲಿಲ್ಲ ಎಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ಎರಡು ದಿನದ ಮೇಲೆ ತೀರಿಕೊಂಡರು.

ಈಗಲೂ ಗಿರಾಕಿಗಳು ಬರುತ್ತಾರೆ. ಕಾರು ಮಾರಲಿಕ್ಕುಂಟು, ತುಕ್ಕಿನ ಮೇಲೆಯೇ ಸ್ವಲ್ಪ ಹೊಡೆದು ಕೊಡಿ ಎನ್ನುತ್ತಾರೆ. ನಾನು ಹೊಡೆಯುವುದಿಲ್ಲ. ಅವರು ಬೇರೆ ಶೆಡ್ಡಿಗೆ ಹೋಗುತ್ತಾರೆ, ಹೋಗಲಿ. ನನ್ನ ಕೈಯ ಕೆಲಸವೆಲ್ಲ ಆ ಮನುಷ್ಯ ಕೊಟ್ಟದ್ದು, ಕೆಮ್ಮಿಲ್ಲದ ಈ ಎದೆಯೂ ಅವರೇ ಉಳಿಸಿಕೊಟ್ಟದ್ದು. ಅವರು ಕೇಳಿದ ಒಂದನ್ನು ನಾನು ಕೊಡಲಿಲ್ಲ. ಅದರ ದುಃಖ ಇದೆ, ಬಹಳ ಇದೆ. ಮತ್ತೆ ಬಂದು ಕೇಳಿದರೂ ಕೆರೆದೇ ಬಿಡುತ್ತೇನೆ.

ಅವರ ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ, ನಾನು ಅತ್ತೆಯ ಪಕ್ಕದಲ್ಲೇ ಕೂತಿದ್ದೆ. ಎದುರು ಸಾಲಿನಲ್ಲಿ ಆ ದಾಯಾದಿ ತಮ್ಮ. ಅನ್ನ ಬಡಿಸಿ ಮುಗಿಯುವ ಮೊದಲೇ ಅವನು ಸುತ್ತಲಿನವರಿಗೆ ಕಣ್ಣು ಹೊಡೆದು, "ಅಲ್ಲ ಅತ್ತಿಗೆ, ಅಣ್ಣನ ವಿಮಾನ ಬೀಳಿಸಿದ್ದು ನೀವಂತೆ ಅಲ್ವಾ? ಅವರೇ ಹೇಳ್ತಿದ್ರು," ಎಂದ. ಅಲ್ಲಲ್ಲಿ ನಗು ಕೇಳಿಸಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಮೊಣಕೈ ಒತ್ತಿ ಹಿಡಿದರು.

"ಹೌದು, ನಾನೇ ಬೀಳಿಸಿದ್ದು," ಎಂದರು ಅವನನ್ನೇ ನೋಡಿ. "ಬೀಳುವಾಗ ಒಳಗೆ ಅವರಿರ್ಲಿಲ್ಲ."

ಆಮೇಲೆ ನನ್ನ ಕಡೆ ತಿರುಗಿ, ಅನ್ನ ತಣಿಯುತ್ತದೆ, ಉಣ್ಣು ಎಂದರು.